ನಾಲಿಗೆಯ ಕೆಳಗೆ

ಬಸ್ಸಿನಲ್ಲಿ ಎದುರು ಕೂತ ಹುಡುಗಿ ಆಕಳಿಸಿದಳು. ನೋಡಬಾರದೆಂದುಕೊಂಡರೂ ನೊರ್ಮಿತಾಳ ಕಣ್ಣು ಅಲ್ಲಿಗೇ ಹೋಯಿತು. ಮೇಲಿನ ಎಡ ದವಡೆಯಲ್ಲಿ ಒಂದು ಹಲ್ಲು ಅರ್ಧ ಮುರಿದಿದೆ, ಅದರ ಹಿಂದಿನದು ಒಳಗೊಳಗೇ ಕಪ್ಪಾಗಿದೆ, ಒಸಡು ಊದಿದೆ. ಬೇಸಿಗೆ ಮುಗಿಯುವುದರೊಳಗೆ ಈ ಹುಡುಗಿ ಕೆನ್ನೆ ಹಿಡಿದುಕೊಂಡು ಕೂತಿರುತ್ತಾಳೆ. ಶಿಕಾಗೊಗೆ ಬಂದು ಮೂರು ವರ್ಷವಾದರೂ ನೊರ್ಮಿತಾಳಿಗೆ ಇಲ್ಲಿಯ ಬೀದಿಗಳ ಹೆಸರು ಅದಲುಬದಲಾಗುತ್ತದೆ, ಆದರೆ ನೋಡಿದ ಬಾಯಿ ಮರೆಯುವುದಿಲ್ಲ. ತರಕಾರಿ ಅಂಗಡಿಯ ಗಲ್ಲಾದವಳ ಮೇಲ್ದವಡೆ, ಮಗಳು ಇಂಗ್ರಿದ್‌ಳ ಶಾಲೆಯ ಗಣಿತದ ಮೇಷ್ಟ್ರ ಕೋರೆಹಲ್ಲು, ಕೆಳಗಿನ ಮನೆಯ ಪೋಲಿಷ್ ಮುದುಕಿಯ ಬೋಳು ಒಸಡು, ಎಲ್ಲವೂ ತಲೆಯಲ್ಲಿ ಸಾಲಾಗಿ ನಿಂತಿವೆ, ಕೇಳುವವರಿಲ್ಲ. ಇವತ್ತು ಬೆಳಿಗ್ಗೆ ಅನ್ನ, ಒಣಮೀನು ಮುಂದಿಟ್ಟುಕೊಂಡು ಕೂತವಳಿಗೆ ತುತ್ತು ಇಳಿಯಲಿಲ್ಲ. ನಿನ್ನೆ ಸಂಜೆ ಕ್ಲಿನಿಕ್ಕಿನ ಪಟ್ಟಿಯಲ್ಲಿ, ಮಂಗಳವಾರ ಹತ್ತೂವರೆ ಗಂಟೆಯ ಸಾಲಿನಲ್ಲಿ, ಟಾಲಿವರ್ ಎಂಬ ಹೆಸರು ಕಂಡಿತ್ತು. ರಾತ್ರಿಪಾಳಿ ಮುಗಿಸಿ ಬಂದ ಗಂಡ ಆರ್ನೆಲ್ ಬೂಟು ಬಿಚ್ಚುತ್ತ, "ಗಾ, ಇವತ್ತು ಪತ್ರದ ವಿಷಯ ಕೇಳಿಬಿಡು. ಶುಕ್ರವಾರ ಕೊನೇ ದಿನ. ಡಾಕ್ ಮರೀತಾರೆ ಅಂತಲ್ಲ, ಆದ್ರೂ ನೆನಪಿಸು," ಅಂದಿದ್ದ. ಗಾ ಎಂದರೆ ಅವರ ದ್ವೀಪದೇಶದ ಊರಾದ ಇಲೊಯಿಲೊದಲ್ಲಿ ಗಂಡಹೆಂಡಿರು ಒಬ್ಬರನ್ನೊಬ್ಬರು ಕರೆಯುವ ಮುದ್ದಿನ ಮಾತು. ಅವಳು ಹೂಂ ಅಂದಿದ್ದಳು. ಹೊರದೇಶದಿಂದ ಬಂದ ಹಲ್ಲಿನ ವೈದ್ಯರು ಇಲ್ಲಿ ಮತ್ತೆ ಎರಡು ವರ್ಷ ಓದಿದರೆ ಮಾತ್ರ ವೈದ್ಯರು. ಆ ಓದಿಗೆ ಸೇರಲು ಇಲ್ಲಿಯದೇ ವೈದ್ಯರೊಬ್ಬರ ಶಿಫಾರಸು ಪತ್ರ ಬೇಕು. ಅದನ್ನು ಕೊಡುತ್ತೇನೆಂದು ಅವಳು ಸಹಾಯಕಿಯಾಗಿರುವ ಕ್ಲಿನಿಕ್ಕಿನ ಒಡೆಯ, ಎಲ್ಲರೂ ಡಾಕ್ ಎಂದು ಕರೆಯುವ ಡಾ. ಎಸ್ಕಲೋನಾ ಮಾತು ಕೊಟ್ಟಿದ್ದ.

ಅಕ್ಟೋಬರಿನಲ್ಲಿ ಟಾಲಿವರ್ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಬಂದಿದ್ದ. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ದೊಡ್ಡ ಮೈಯ ಕಪ್ಪು ಮನುಷ್ಯ. ಕುರ್ಚಿ ಹಿಂದಕ್ಕೆ ಬಾಗಿದಾಗಲೂ ಟೋಪಿ ಎದೆಯ ಮೇಲೆ ಹಿಡಿದುಕೊಂಡಿರುತ್ತಿದ್ದ. ಉಗುಳು ಹೀರುವ ಕೊಳವೆಯನ್ನು ಅವನ ನಾಲಿಗೆಯ ಕೆಳಗೆ ಇಳಿಬಿಟ್ಟಾಗ ಅವಳಿಗೆ ಅದು ಕಂಡಿತು. ಕಡಲೆಕಾಳಿನಷ್ಟು ಬಿಳಿ ಮಚ್ಚೆ, ನಡುವೆ ಒಂದು ಕೆಂಪು ಚುಕ್ಕೆ. ಅವಳು ಡಾಕ್‌ನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಮೆಲ್ಲಗೆ, "ಡಾಕ್, ಇಲ್ಲೊಂದ್ಸಲ ನೋಡ್ತೀರಾ?" ಎಂದಳು. ಆತ ಬಗ್ಗಿ ನೋಡಿದ, ಅರೆಕ್ಷಣ. "ಹಳೇ ಸೆಟ್ಟು ಉಜ್ಜಿದೆ ಅಷ್ಟೆ," ಎಂದ. ಆಮೇಲೆ ನಗುತ್ತಲೇ, ರೋಗಿಗೆ ತಿಳಿಯದ ಭಾಷೆಯಲ್ಲಿ, "ಇಂದಾಯ್, ನಿನ್ನ ಕೆಲಸ ಉಗುಳು ಹೀರೋದು. ನೋಡೋದು ನನ್ನ ಕೆಲಸ," ಎಂದ. ಇಂದಾಯ್ ಎಂದರೆ ಹುಡುಗಿ, ಮಗು. ನಲವತ್ತೆರಡು ವರ್ಷದವಳನ್ನು ಹಾಗೆ ಕರೆಯುವಾಗ ಅದರಲ್ಲಿ ಪ್ರೀತಿಯೂ ಇರುತ್ತದೆ, ಇನ್ನೊಂದೂ ಇರುತ್ತದೆ. ಅವಳು ಕೊಳವೆಯನ್ನು ಸರಿಯಾಗಿ ಹಿಡಿದಳು. ಅಂದಿನಿಂದ ಐದು ತಿಂಗಳು ಹಾಗೇ ಹಿಡಿದಿದ್ದಾಳೆ.

ಇದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಬೇರೆ. ಇಲೊಯಿಲೊದ ಲಾ ಪಾಸ್ ಮಾರುಕಟ್ಟೆಯಲ್ಲಿ, ನೂಡಲ್ಸ್ ಅಂಗಡಿಯ ಮಹಡಿಯ ಮೇಲೆ ಅವಳ ಕ್ಲಿನಿಕ್ಕಿತ್ತು. ಹಗಲಿಡೀ ಕೆಳಗಿನಿಂದ ಮೂಳೆ ಕುದಿಯುವ ಘಮ, ಮೆಟ್ಟಿಲ ಮೇಲೆ ಮೀನು ಮಾರುವ ಹೆಂಗಸರ ಸಾಲು. ಕರೆಂಟು ಹೋದರೆ ಆರ್ನೆಲ್ ಟಾರ್ಚು ಹಿಡಿಯುತ್ತಿದ್ದ, ಅವಳು ಹಲ್ಲು ಕೀಳುತ್ತಿದ್ದಳು. ಹನ್ನೆರಡು ವರ್ಷ ಅವಳು ಡೊಕ್ತೊರಾ, ಅಂದರೆ ವೈದ್ಯೆ. ಅಲ್ಲಿ ಬೆಲೆನ್ ಎಂಬ ಸಹಾಯಕಿ ಇದ್ದಳು, ಹಳ್ಳಿಯಿಂದ ಬಂದ ಬಾಯಿಲ್ಲದ ಹುಡುಗಿ. ಒಂದು ದಿನ ರೋಗಿಗೆ ಸೂಜಿಮದ್ದು ಕೊಡುವ ಮೊದಲು ಬೆಲೆನ್, "ಡೊಕ್ತೊರಾ, ಈ ಅಜ್ಜಿ ಕೈ ನಡುಗ್ತಿದೆ, ಏನೂ ತಿಂದಿಲ್ಲ ಅನ್ಸುತ್ತೆ," ಅಂದಿದ್ದಳು. ನೊರ್ಮಿತಾ ತಲೆಯೆತ್ತದೆ, "ನೀನು ತಟ್ಟೆ ಹಿಡ್ಕೊ ಸಾಕು," ಅಂದಿದ್ದಳು. ಅಜ್ಜಿ ಕುರ್ಚಿಯಲ್ಲೇ ಕಣ್ಣು ತೇಲಿಸಿದಳು. ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕೂತಳು, ಏನೂ ಆಗಲಿಲ್ಲ. ಆದರೆ ಬೆಲೆನ್ ಆಮೇಲೆ ಯಾವತ್ತೂ ಏನನ್ನೂ ಹೇಳಲಿಲ್ಲ. ತಟ್ಟೆ ಹಿಡಿದಳು. ಎಂಟು ವರ್ಷ ಹಿಡಿದಳು. ಆ ಎಂಟು ವರ್ಷ ಬೆಲೆನ್ ಏನೇನು ನೋಡಿದ್ದಳೋ, ಏನೇನನ್ನು ನುಂಗಿಕೊಂಡಿದ್ದಳೋ ಎಂದು ಈಗ, ಲಾರೆನ್ಸ್ ಅವೆನ್ಯೂವಿನ ಬಸ್ಸಿನಲ್ಲಿ, ಕಿಟಕಿಯಾಚೆ ಕರಗಿ ಕಪ್ಪಾದ ಹಿಮದ ರಾಶಿ ಹಿಂದೆ ಸರಿಯುವಾಗ ಯೋಚಿಸಿದರೆ ಕಿವಿ ಬಿಸಿಯಾಗುತ್ತದೆ. ಅವಳ ನಿಲ್ದಾಣ ಬಂತು. ಇಳಿಯುವಾಗ ಆಕಳಿಸಿದ ಹುಡುಗಿಗೆ ಏನಾದರೂ ಹೇಳಬೇಕೆನಿಸಿತು. ಹುಡುಗಿ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು.

ಕ್ಲಿನಿಕ್ಕಿನಲ್ಲಿ ಅವಳು ತೊಡುವ ಅಂಗಿಯ ಮೇಲೆ ನಗುವ ದವಡೆಹಲ್ಲುಗಳ ಚಿತ್ರ. ಕೈಕಾಲು ಮೂಡಿದ ಹಲ್ಲುಗಳು, ಬ್ರಷ್ಷು ಹಿಡಿದು ಕುಣಿಯುತ್ತಿರುವ ಹಲ್ಲುಗಳು. ಮೊದಲ ದಿನ ಅದನ್ನು ಕೊಟ್ಟಾಗ ಡಾಕ್‌ನ ಹೆಂಡತಿ, "ಮಕ್ಕಳು ಇಷ್ಟ ಪಡ್ತಾರೆ ಕಣೇ, ಬೇಜಾರು ಮಾಡ್ಕೋಬೇಡ," ಎಂದಿದ್ದಳು. ಬೇಜಾರು ಮಾಡಿಕೊಳ್ಳುವ ಅಧಿಕಾರ ಯಾರಿಗಿತ್ತು? ಆರ್ನೆಲ್‌ಗೆ ಆಸ್ಪತ್ರೆಯವರು ನರ್ಸಿನ ಕೆಲಸ ಕೊಟ್ಟು ಸಂಸಾರ ಸಮೇತ ಕರೆಸಿಕೊಂಡ ಮೊದಲ ಚಳಿಗಾಲ. ಇವಳಿಗೆ ಎಲ್ಲೂ ಕೆಲಸವಿಲ್ಲ. ಇಗರ್ಜಿಯಲ್ಲಿ ಪರಿಚಯವಾದ ಡಾ. ಎಸ್ಕಲೋನಾ, "ನಮ್ಮೂರಿನ ಮಗಳು ಮನೇಲಿ ಕೂತ್ರೆ ನಮಗೇ ಅವಮಾನ," ಎಂದು ಎಲ್ಲರೆದುರು ಹೇಳಿ ಕೆಲಸಕ್ಕೆ ಇಟ್ಟುಕೊಂಡಿದ್ದ. ಎಲ್ಲರೆದುರು ಎಂಬುದು ಮುಖ್ಯ. ಮೂವತ್ತು ವರ್ಷದ ಹಿಂದೆ ಬಂದವನು, ಇಲ್ಲಿಯೇ ಮತ್ತೆ ಓದಿ ಮತ್ತೆ ವೈದ್ಯನಾದವನು. ಯಾರ ಮನೆಯ ನಾಮಕರಣವಾದರೂ ಮೊದಲ ಕುರ್ಚಿ ಅವನದು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಅವಳಿಗೆ ಅನೇಕ ಸಲ ಅನಿಸಿತ್ತು.

"ಮಿಸ್ ನೊರ್ಮಾ," ಎಂದು ಟಾಲಿವರ್ ಕುರ್ಚಿಯ ಮೇಲೆ ಕೂತು ಟೋಪಿ ತೆಗೆದ. ಕೋಟು ಭುಜದ ಮೇಲೆ ಜೋತು ಬಿದ್ದಿತ್ತು. ಅಕ್ಟೋಬರಿನಲ್ಲಿ ಅದೇ ಕೋಟು ಬಿಗಿಯಾಗಿತ್ತು. "ಈ ಸೆಟ್ಟು ನನ್ನ ಮೇಲೆ ಹಗೆ ಸಾಧಿಸ್ತಿದೆ ನೋಡಿ. ಸೂಪು ಬಿಟ್ಟು ಬೇರೇನೂ ಇಳಿಯಲ್ಲ. ನನ್ನವಳು ಎರ್ಲೀನ್ ಹೇಳ್ತಾಳೆ, ಮೂವತ್ತೊಂದು ವರ್ಷ ಊರಿಗೆಲ್ಲ ಬೈದ ಬಾಯಿ, ಈಗ ರಜಾ ಕೇಳ್ತಿದೆ ಅಂತ."

"ಕಿವಿ ನೋಯತ್ತಾ?" ಅವಳು ಕೇಳಿದಳು. ಕೇಳುವುದು ಅವಳ ಕೆಲಸವಾಗಿರಲಿಲ್ಲ.

"ಅದು ಹ್ಯಾಗೆ ಗೊತ್ತಾಯ್ತು? ಈ ಕಡೆ. ರಾತ್ರಿಯೆಲ್ಲ."

ಡಾಕ್ ಒಳಗೆ ಬಂದ. ಭುಜ ತಟ್ಟಿದ, ಮಳೆ ಬರುವ ಹಾಗಿದೆ ಎಂದ, ಸೆಟ್ಟು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದ. ಅವಳು ಕೊಳವೆ ಇಳಿಸಿದಳು. ನಾಲಿಗೆ ತಾನಾಗಿ ಒಂದು ಕಡೆಗೆ ಸರಿಯಿತು. ಕಡಲೆಕಾಳು ಈಗ ಹೆಬ್ಬೆರಳ ಉಗುರಿನಷ್ಟು ಅಗಲವಾಗಿತ್ತು. ಬಿಳಿ ಕಡಿಮೆ, ಕೆಂಪು ಹೆಚ್ಚು, ಅಂಚು ಎದ್ದು ನಿಂತಿತ್ತು, ನಡುವೆ ಗುಳಿ. ಕೊಳವೆಯ ತುದಿಯಿಂದ ಬೇಕೆಂದೇ ಮುಟ್ಟಿದಳು. ಗಟ್ಟಿ. ಕಾಲೇಜಿನಲ್ಲಿ ಪ್ರೊಫೆಸರು ಮೇಜು ಕುಟ್ಟಿ ಹೇಳುತ್ತಿದ್ದದ್ದು, ಮೆತ್ತಗಿದ್ದರೆ ಕಾಯಿರಿ, ಗಟ್ಟಿಯಾಗಿದ್ದರೆ ಕಾಯಬೇಡಿ. ಡಾಕ್ ಒಂದು ನೋಟ ಬೀರಿ, "ಇಲ್ಲೇ ಉಜ್ತಿದೆ. ಸ್ವಲ್ಪ ಅರ ಹಾಕ್ತೀನಿ, ಸರಿಹೋಗತ್ತೆ," ಎಂದು ಸಣ್ಣ ಯಂತ್ರ ಕೈಗೆತ್ತಿಕೊಂಡ. ಗುಲಾಬಿ ಬಣ್ಣದ ಪುಡಿ ಗಾಳಿಯಲ್ಲಿ ಹಾರಿತು. ಈ ಯಂತ್ರ ನಿಂತ ಮೇಲೆ ಟಾಲಿವರ್ ಸೆಟ್ಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಬಾಗಿಲಲ್ಲಿ ತಿರುಗಿ ಮಿಸ್ ನೊರ್ಮಾ ಎಂದು ಕೈಯೆತ್ತಿ ಹೋಗುತ್ತಾನೆ. ನಾಲ್ಕು ಗಂಟೆಗೆ ತಾನು ಪತ್ರ ಕೇಳುತ್ತೇನೆ. ಎರಡು ವರ್ಷ ಓದುತ್ತೇನೆ. ಬಾಗಿಲ ಮೇಲೆ ಮತ್ತೆ ತನ್ನ ಹೆಸರು ಬರುತ್ತದೆ. ಆಗ ಆ ಬಾಗಿಲೊಳಗೆ ಬಂದು ಕೂರುವವರ ಬಾಯಿಯನ್ನು ಯಾವ ಮುಖ ಹೊತ್ತು ನೋಡುವುದು? ಅವಳ ಬೆರಳು ಕೊಳವೆಯ ಗುಂಡಿಯನ್ನು ಒತ್ತಿತು. ಇಷ್ಟು ಹೊತ್ತೂ ಸುಂಯ್ಯೆನ್ನುತ್ತಿದ್ದದ್ದು ನಿಂತು ಕೋಣೆ ಒಮ್ಮೆಗೇ ದೊಡ್ಡದಾಯಿತು.

"ಡಾಕ್," ತಮ್ಮ ಭಾಷೆಯಲ್ಲಿ ಹೇಳಿದಳು, "ಇದು ಉಜ್ಜಿದ ಗಾಯ ಅಲ್ಲ."

"ಕೊಳವೆ ಹಾಕು, ಇಂದಾಯ್."

"ಗಟ್ಟಿಯಾಗಿದೆ. ಮುಟ್ಟಿ ನೋಡಿ."

"ಹಾಕು ಅಂದೆ."

ಅವಳು ಕೊಳವೆಯನ್ನು ಅದರ ಗೂಟಕ್ಕೆ ಸಿಕ್ಕಿಸಿದಳು. ಟಾಲಿವರ್‌ನ ಎದುರಿಗೆ, ಅವನಿಗೆ ಮುಖ ಕಾಣುವಂತೆ ಬಂದು ನಿಂತು ಇಂಗ್ಲಿಷಿನಲ್ಲಿ ಹೇಳಿದಳು. "ಮಿಸ್ಟರ್ ಟಾಲಿವರ್, ನಿಮ್ಮ ನಾಲಿಗೆ ಕೆಳಗಿರೋದು ಒಳ್ಳೆ ಗಾಯ ಅಲ್ಲ. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ. ಚೂರು ಕತ್ತರಿಸಿ ಪರೀಕ್ಷೆ ಮಾಡಿ ಅಂತ ನೀವೇ ಬಾಯ್ಬಿಟ್ಟು ಕೇಳಿ. ಆಮೇಲೆ ನೋಡೋಣ ಅಂದ್ರೆ ಎದ್ದು ಬರಬೇಡಿ. ಕೂತಿರಿ."

ಟಾಲಿವರ್ ಡಾಕ್‌ನ ಮುಖ ನೋಡಿದ, ಅವಳ ಮುಖ ನೋಡಿದ. "ಕ್ಯಾನ್ಸರ್ ಅಂತೀರಾ?"

"ಹೌದು ಅಂತ ಹೇಳೋಕಾಗಲ್ಲ. ಅಲ್ಲ ಅಂತ್ಲೂ ಹೇಳೋಕಾಗಲ್ಲ. ಅದಕ್ಕೇ ಹೋಗಿ."

"ಇವರು ನನ್ನ ಸಹಾಯಕಿ," ಡಾಕ್ ನಗಲು ನೋಡಿದ. "ಒಳ್ಳೇ ಮನಸ್ಸು, ಸ್ವಲ್ಪ ಗಾಬರಿ ಜಾಸ್ತಿ."

ಟಾಲಿವರ್ ನಗಲಿಲ್ಲ. "ಮಿಸ್ ನೊರ್ಮಾ, ಯಾವಾಗಿಂದ ಇದೆ ಅಂತೀರಿ ಇದು?"

ಅಕ್ಟೋಬರ್. ಒಂದೇ ಮಾತು. ಬಾಯಿಯ ತುದಿಗೆ ಬಂದಿತ್ತು. ಡಾಕ್ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಹೆದರಿಕೆ ಕಂಡಿತು, ಆ ಹೆದರಿಕೆ ತನ್ನದೂ ಹೌದೆಂದು ಅವಳಿಗೆ ತಕ್ಷಣ ತಿಳಿಯಿತು. "ಗೊತ್ತಿಲ್ಲ," ಎಂದಳು.

ಟಾಲಿವರ್ ಹೋಗಿ, ಮಧ್ಯಾಹ್ನದ ರೋಗಿಗಳೂ ಮುಗಿದ ಮೇಲೆ ಡಾಕ್ ಅವಳನ್ನು ಹಿಂದಿನ ಕೋಣೆಗೆ ಕರೆದ. ಕೂಗಾಡಲಿಲ್ಲ. ಕೈ ತೊಳೆದ, ಒಂದೊಂದು ಬೆರಳನ್ನೂ ಒರೆಸಿಕೊಂಡ. "ನಮ್ಮೂರಿನವಳು ಅಂತ ತಂದು ಇಟ್ಕೊಂಡೆ. ಮಗಳ ಹಾಗೆ ನೋಡ್ಕೊಂಡೆ. ಹೌದೋ ಅಲ್ವೋ?"

"ಹೌದು, ಡಾಕ್."

"ಈ ದೇಶದಲ್ಲಿ ನೀನು ವೈದ್ಯೆ ಅಲ್ಲ. ರೋಗಿ ಎದುರಿಗೆ ಹಾಗೆಲ್ಲ ಮಾತಾಡೋದು ಕಾನೂನಿಗೇ ತಪ್ಪು. ಅದು ನಿನಗೆ ಗೊತ್ತು."

"ಗೊತ್ತು. ಬಾಯಿ ಮಾತ್ರ ಎಲ್ಲಾ ದೇಶದಲ್ಲೂ ಒಂದೇ, ಡಾಕ್."

ಆತ ಮೇಜಿನ ಖಾನೆ ಎಳೆದು ಒಂದು ಲಕೋಟೆ ತೆಗೆದ. ಪತ್ರ ಬರೆದೇ ಇಟ್ಟಿದ್ದ. ಬಿಡಿಸಿ ಅವಳಿಗೆ ಕಾಣುವಂತೆ ಹಿಡಿದ. ಕೆಳಗೆ ನೀಲಿ ಶಾಯಿಯ ದೊಡ್ಡ ರುಜು, ಮೇಲೆ ಎಲ್ಲೋ ಅಸಾಧಾರಣ ಎಂಬ ಪದ. "ಇದು ನಿನ್ನದೇ. ಇವಾಗ್ಲೇ ಟಾಲಿವರ್‌ಗೆ ಫೋನ್ ಮಾಡು. ಗಾಬರಿಯಲ್ಲಿ ಏನೋ ಅಂದ್ಬಿಟ್ಟೆ, ಹದಿನೈದು ದಿನ ಬಿಟ್ಟು ಮತ್ತೆ ಇಲ್ಲಿಗೇ ಬನ್ನಿ ಅಂತ ಹೇಳು. ಅಷ್ಟೆ. ನಾನೇ ನೋಡ್ತೀನಿ, ಬೇಕಾದ್ರೆ ನಾನೇ ಕಳಿಸ್ತೀನಿ. ನಾನು ಅವನನ್ನ ಸಾಯೋಕೆ ಬಿಡ್ತೀನಿ ಅಂದ್ಕೊಂಡ್ಯಾ?"

ಇಲ್ಲ, ಹಾಗೆ ಅಂದುಕೊಂಡಿರಲಿಲ್ಲ. ಹದಿನೈದು ದಿನ ಏನು ದೊಡ್ಡದು ಎಂದು ಒಂದು ಮನಸ್ಸು ಲೆಕ್ಕ ಹಾಕಿತು ಕೂಡ. ಫೋನು ಮೇಜಿನ ಮೇಲಿತ್ತು. ಆಗ ಅವಳಿಗೆ ಹೊಳೆದದ್ದು ಇಷ್ಟೇ: ಈತ ಮುಟ್ಟಿ ನೋಡಲೇ ಇಲ್ಲ. ಅವತ್ತೂ ಮುಟ್ಟಲಿಲ್ಲ, ಇವತ್ತೂ ಮುಟ್ಟಲಿಲ್ಲ. ಯಾಕೆಂದರೆ ಮುಟ್ಟಿದರೆ ಇವನಿಗೂ ಗೊತ್ತಾಗಿಬಿಡುತ್ತದೆ. "ಚೆನ್ನಾಗಿ ಬರೆದಿದೀರಿ ಅನ್ಸುತ್ತೆ, ಡಾಕ್," ಎಂದಳು. "ನೀವೇ ಇಟ್ಕೊಳ್ಳಿ." ಕುಣಿಯುವ ಹಲ್ಲುಗಳ ಅಂಗಿಯನ್ನು ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟಳು. ಒಳಗಿನ ತೆಳುವಾದ ಅಂಗಿಯ ಮೇಲೆ ಕೋಟು ಹಾಕಿಕೊಂಡು ಹೊರಗೆ ಬಂದಾಗ ನಿಜವಾಗಿಯೂ ಮಳೆ ಶುರುವಾಗಿತ್ತು. ನಾಲ್ಕು ನಿಲ್ದಾಣ ನಡೆದಳು. ನಾನು ಸೋತಿಲ್ಲ ಎಂದು ತನಗೆ ತಾನೇ ಜೋರಾಗಿ ಹೇಳಿಕೊಂಡಳು. ಪಕ್ಕದಲ್ಲಿ ಹೋಗುತ್ತಿದ್ದವನು ತಿರುಗಿ ನೋಡಿದ.

ಆರ್ನೆಲ್ ನಿದ್ದೆಯಿಂದ ಎದ್ದು ಅಡಿಗೆಮನೆಯಲ್ಲಿ ಮೊಟ್ಟೆ ಹುರಿಯುತ್ತಿದ್ದ. ಅವಳು ಹೇಳಿ ಮುಗಿಸುವವರೆಗೂ ಸೌಟು ಎತ್ತಿ ಹಿಡಿದೇ ನಿಂತಿದ್ದ. ಮೊಟ್ಟೆ ಸೀಯಿತು.

"ಪತ್ರ ಕೈಗೆ ಬಂದಿತ್ತು. ಕೈಗೆ ಬಂದಿತ್ತು, ಗಾ!"

"ಬಂದಿತ್ತು."

"ಮೂರು ವರ್ಷದಿಂದ ನಾನು ಮುದುಕರ ಕುಂಡೆ ತೊಳೀತಿರೋದು ಯಾಕೆ? ನಾನು ಇಲೊಯಿಲೊದಲ್ಲಿ ರೇಡಿಯೋದಲ್ಲಿ ಮಾತಾಡ್ತಿದ್ದವನು. ನನ್ನ ದನಿ ಕೇಳಿದ್ರೆ ಜೀಪಿನವರು ನಿಲ್ಲಿಸ್ತಿದ್ರು. ಅದನ್ನ ಬಿಟ್ಟು ನರ್ಸಿಂಗ್ ಓದಿದ್ದು ಯಾಕೆ? ಹೇಳು. ನಿನ್ನ ಬೋರ್ಡು ಮತ್ತೆ ಮೇಲೇರಲಿ ಅಂತ ತಾನೇ?"

ಅದು ಪೂರ್ತಿ ನಿಜವಲ್ಲ. ಬರೋಣವೆಂದು ಹಟ ಹಿಡಿದವನು ಅವನೇ. ಇಂಗ್ರಿದ್‌ಳ ಭವಿಷ್ಯ ಎಂದವನು ಅವನೇ. ಬೋರ್ಡು ಇಳಿಸುವ ದಿನ ಮೊಳೆ ಕಿತ್ತವನೂ ಅವನೇ, ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತವನೂ ಅವನೇ. ಅದನ್ನೆಲ್ಲ ಎತ್ತಿ ಆಡಬಹುದಿತ್ತು. "ನಿನ್ನ ವಾರ್ಡಿನಲ್ಲಿ ಹೀಗೆ ಆಗಿದ್ರೆ?" ಎಂದಳು. "ನೀನು ನೋಡಿ ಸುಮ್ನಿರ್ತಿದ್ಯಾ?"

"ಇರ್ತಿದ್ದೆ." ಅವನು ಒಲೆ ಆರಿಸಿದ. "ಇದೀನಿ. ದಿನಾ ಇರ್ತೀನಿ. ಅದಕ್ಕೇ ನಮಗೊಂದು ಸೂರಿದೆ."

ಆ ಮಾತು ಆಡಿದವನಿಗೇ ಮುಖ ಎತ್ತಲಾಗಲಿಲ್ಲ. ಅವಳೂ ನೋಡಲಿಲ್ಲ. ಇಬ್ಬರೂ ಸೀದ ಮೊಟ್ಟೆಯನ್ನೇ ನೋಡುತ್ತ ನಿಂತರು. ಅವಳಿಗೆ ಅಕ್ಟೋಬರಿನ ವಿಷಯ ಹೇಳಬೇಕೆನಿಸಿತು. ನಾನೂ ಇದ್ದೆ, ನಾನೂ ಸುಮ್ಮನಿದ್ದೆ, ಐದು ತಿಂಗಳು. ಹೇಳಿದರೆ ಅವನಿಗೆ ಸಮಾಧಾನವಾಗುತ್ತಿತ್ತೋ ಏನೋ. ಆ ಸಮಾಧಾನ ಅವನಿಗೆ ಬೇಡ, ತನಗೂ ಬೇಡ ಎಂದುಕೊಂಡಳು. ಬಾಗಿಲ ಬಳಿ ಹದಿನಾಲ್ಕು ವರ್ಷದ ಇಂಗ್ರಿದ್ ಶಾಲೆಯ ಚೀಲ ಬೆನ್ನ ಮೇಲಿದ್ದಂತೆಯೇ ನಿಂತಿದ್ದಳು. ಯಾವಾಗ ಬಂದಳೋ. ಹೋದ ವರ್ಷ ಶಾಲೆಯ ಫಾರಮಿನಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ನೊರ್ಮಿತಾ ದಂತವೈದ್ಯೆ ಎಂದು ಬರೆದಿದ್ದಳು. ಇಂಗ್ರಿದ್ ಅದನ್ನು ರಬ್ಬರಿನಿಂದ ಅಳಿಸಿ, "ಮಾ, ಅವರು ವಿಚಾರಿಸ್ತಾರೆ, ಸುಳ್ಳು ಬರೀಬೇಡ," ಎಂದಿದ್ದಳು. ಎಷ್ಟು ಮೆತ್ತಗೆ ಅಂದಿದ್ದಳೆಂದರೆ ಬೈದಿದ್ದರೆ ವಾಸಿ ಇತ್ತು.

"ಮಾ, ನಿಜವಾಗ್ಲೂ ಹಾಗಂದ್ಯಾ? ಅವರ ಎದುರಿಗೇನಾ?"

"ಕೈ ತೊಳ್ಕೊಂಡು ಊಟಕ್ಕೆ ಕೂರು," ಎಂದಳು ನೊರ್ಮಿತಾ.

ಶುಕ್ರವಾರ ಅವಳು ಅರ್ಜಿ ಕಳಿಸಿದಳು. ಡಾಕ್‌ನ ಪತ್ರದ ಜಾಗದಲ್ಲಿ, ಮೇಜು ಕುಟ್ಟುತ್ತಿದ್ದ ಹಳೆಯ ಪ್ರೊಫೆಸರು ಇಲೊಯಿಲೊದಿಂದ ಕೈಯಾರೆ ಬರೆದು, ಫೋನಿನಲ್ಲಿ ಚಿತ್ರ ತೆಗೆದು ಕಳಿಸಿದ ಪುಟ. ಭಾನುವಾರ ಗರಿಗಳ ಹಬ್ಬ. ತಾಳೆಗರಿ ಹಿಡಿದು ನಮ್ಮವರ ಇಗರ್ಜಿಗೆ ಹೋಗುವುದು ಬೇಡ, ಈ ಸಲ ಬೇರೆ ಇಗರ್ಜಿಗೆ ಹೋಗೋಣವೆಂದು ಆರ್ನೆಲ್ ಹೇಳಿದ. ಅವಳು ತನ್ನ ಒಳ್ಳೆಯ ಹಸಿರು ಉಡುಪು ಹಾಕಿಕೊಂಡು ಮುಂದೆ ನಡೆದಳು. ಸುದ್ದಿ ಆಗಲೇ ಹರಡಿತ್ತು. ಮೂರನೆಯ ಬೆಂಚಿನಲ್ಲಿ ಅವರು ಯಾವಾಗಲೂ ಕೂರುವ ಕಡೆ ಜನ ಸರಿದು ಜಾಗ ಬಿಟ್ಟರು, ಬೇಕಾದದ್ದಕ್ಕಿಂತ ಹೆಚ್ಚು ಜಾಗ. ಡಾಕ್‌ನ ಹೆಂಡತಿ ಹಾಡುವವರ ಸಾಲಿನಿಂದ ಒಮ್ಮೆಯೂ ಇತ್ತ ನೋಡಲಿಲ್ಲ. ಪ್ರಾರ್ಥನೆ ಮುಗಿದು ಅಂಗಳದಲ್ಲಿ ಕಾಫಿ ಕುಡಿಯುವಾಗ ಹಿರಿಯಳಾದ ಪುರಿಂಗಕ್ಕ ಹತ್ತಿರ ಬಂದು ಕೈ ಹಿಡಿದುಕೊಂಡಳು. "ನನಗೇನು ಬಿಡು, ಡಾಕ್ಟರಿಕೆ ಗೊತ್ತಿಲ್ಲ. ಆದ್ರೆ ಅನ್ನ ಕೊಟ್ಟವರ ಮಾನ ತೆಗೀಬಾರ್ದಿತ್ತು ಕಣೇ. ಅದೂ ಹೊರಗಿನವನೊಬ್ಬನಿಗೋಸ್ಕರ."

"ಹೊರಗಿನವನು ಯಾರಕ್ಕ?" ನೊರ್ಮಿತಾ ಕೈ ಬಿಡಿಸಿಕೊಳ್ಳದೆ ಕೇಳಿದಳು. "ಅವನು ಈ ಊರಲ್ಲಿ ಮೂವತ್ತೊಂದು ವರ್ಷ ಬಸ್ ಓಡಿಸಿದಾನೆ. ಹೊರಗಿನವರು ನಾವು. ನಾನು ಅನ್ನ ತಿಂದದ್ದು ದುಡಿದು. ನಿಮ್ಮ ಕೋರೆಹಲ್ಲು ಅಲ್ಲಾಡ್ತಿದೆ, ಬೇಗ ತೋರಿಸ್ಕೊಳ್ಳಿ." ಪುರಿಂಗಕ್ಕ ಬಾಯಿ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಯಾರೋ ನಕ್ಕು ಕೆಮ್ಮಿದಂತೆ ಮಾಡಿದರು. ಆರ್ನೆಲ್ ಕಾಫಿಯ ಲೋಟದೊಳಗೆ ನೋಡುತ್ತಿದ್ದ, ಆದರೆ ಅವಳ ಪಕ್ಕದಿಂದ ಸರಿದಿರಲಿಲ್ಲ. ಸರಿದಿರಲಿಲ್ಲ ಎಂಬುದನ್ನು ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಂಡಳು.

ಮೇ ತಿಂಗಳಲ್ಲಿ ಉತ್ತರ ಬಂತು. ಸ್ಥಳೀಯ ಶಿಫಾರಸು ಇಲ್ಲದ ಕಾರಣ ಅರ್ಜಿ ಅಪೂರ್ಣ. ಅಷ್ಟರಲ್ಲಿ ಅವಳು ತಮ್ಮ ಜನ ಸಾಮಾನು ಕೊಳ್ಳುವ ದೊಡ್ಡ ಅಂಗಡಿಯೊಂದರಲ್ಲಿ ಮೀನಿನ ಕಟ್ಟೆಗೆ ಸೇರಿದ್ದಳು. ಹಾಲುಮೀನಿನ ಹೊಟ್ಟೆ ಸೀಳಿ ಮುಳ್ಳು ಬಿಡಿಸುವ ಕೆಲಸ. ಅವಳಷ್ಟು ನಾಜೂಕಾಗಿ, ಮಾಂಸ ಹರಿಯದಂತೆ ಮುಳ್ಳು ತೆಗೆಯುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಲಾ ಪಾಸ್‌ನ ಮೀನಿನ ಹೆಂಗಸರು ಈಗ ತನ್ನನ್ನು ನೋಡಿದರೆ ಹೇಗೆ ಕೆಣಕಿಯಾರು ಎಂದು ಊಹಿಸಿ ಕೆಲವು ಸಲ ಒಬ್ಬಳೇ ನಗುತ್ತಿದ್ದಳು. ಕೆಲವು ಸಲ ನಗು ಬರುತ್ತಿರಲಿಲ್ಲ. ಟಾಲಿವರ್ ಏನಾದನೋ ತಿಳಿಯಲಿಲ್ಲ. ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಮೀನಿನ ಬಾಯಿ ಬಿಡಿಸಿ ಗಾಳ ತೆಗೆಯುವಾಗೆಲ್ಲ ಆ ಒಂದು ಮಾತು ನೆನಪಾಗುತ್ತಿತ್ತು, ಗೊತ್ತಿಲ್ಲ. ಬೇರೆ ಎಲ್ಲವನ್ನೂ ಎದೆ ಎತ್ತಿ ಎದುರಿಸಿದವಳು ಆ ಒಂದು ಮಾತಿನ ಹತ್ತಿರ ಮಾತ್ರ ಪ್ರತಿಸಲವೂ ಎಡವುತ್ತಿದ್ದಳು.

ಜೂನಿನ ಒಂದು ಶನಿವಾರ ಬೆಳಿಗ್ಗೆ, ಕಟ್ಟೆಯ ಮುಂದೆ ಚೀಟಿ ಹಿಡಿದು ನಿಂತವರ ಸಾಲು ಅಕ್ಕಿಯ ಮೂಟೆಗಳವರೆಗೂ ಬೆಳೆದಿದ್ದಾಗ, ಅವರಿಬ್ಬರೂ ಬಂದರು. ಮೊದಲು ಟೋಪಿ ಕಂಡಿತು. ಟಾಲಿವರ್‌ನ ಮೈ ಅರ್ಧಕ್ಕಿಳಿದಿತ್ತು, ಕತ್ತಿನ ಬಲಗಡೆ ಕಿವಿಯಿಂದ ಎದೆಯ ಕಡೆಗೆ ಇಳಿದ ಹೊಲಿಗೆಯ ಗೆರೆ. ಪಕ್ಕದಲ್ಲಿ ಗಿಡ್ಡಗೆ ಗಟ್ಟಿಯಾದ ಹೆಂಗಸು, ಅವನ ಹೆಂಡತಿ ಎರ್ಲೀನ್. ಅವಳೇ ಮಾತಾಡಿದಳು.

"ಮಿಸ್ ನೊರ್ಮಾ ಅಂದ್ರೆ ನೀವೇನಾ? ನಿಮ್ಮನ್ನ ಹುಡುಕೋಕೆ ಮೂರು ವಾರ ಬೇಕಾಯ್ತು. ಆ ಕ್ಲಿನಿಕ್ಕಿನವರು ಹೇಳಲ್ಲ. ಕೊನೆಗೆ ನಿಮ್ಮ ಇಗರ್ಜಿ ಅಂಗಳದಲ್ಲಿ ನಿಂತು ಕೇಳಿದ್ವಿ. ಒಬ್ಬಳು ಅಜ್ಜಿ, ಕೋರೆಹಲ್ಲು ಇಲ್ಲದವಳು, ಇಲ್ಲಿಗೆ ಕಳಿಸಿದ್ಲು."

"ಹೇಗಿದೀರಿ, ಮಿಸ್ಟರ್ ಟಾಲಿವರ್?"

"ಅವನಿಗೆ ಮಾತು ಕಷ್ಟ. ನಾಲಿಗೆ ಒಂದು ಚೂರು ತೆಗೆದಿದಾರೆ. ಬದುಕಿದಾನೆ. ಇನ್ನು ಎರಡು ತಿಂಗಳು ತಡ ಆಗಿದ್ರೆ ಕಷ್ಟವಿತ್ತು ಅಂದ್ರು. ಅದಕ್ಕೆ ನಿಮಗೆ ವಂದನೆ ಹೇಳೋಕೆ ಬಂದಿದೀನಿ." ಎರ್ಲೀನ್‌ಳ ದನಿಯಲ್ಲಿ ವಂದನೆ ಇರಲಿಲ್ಲ. "ಇನ್ನೊಂದು ಕೇಳೋಕೂ ಬಂದಿದೀನಿ. ಇದು ವರ್ಷದಿಂದ ಬೆಳೀತಿರಬೇಕು ಅಂತ ಆಸ್ಪತ್ರೆಯವರು ಅಂದ್ರು. ಅಕ್ಟೋಬರಿನಲ್ಲಿ ಇವನು ಆ ಕುರ್ಚಿ ಮೇಲೆ ಕೂತಿದ್ದ. ನೀವೂ ಅಲ್ಲಿ ಇದ್ರಿ. ಅವತ್ತು ಇತ್ತಾ?"

ಹಿಂದೆ ಯಾರೋ ನಂಬರು ಕೂಗಿದರು. ಮೀನಿನ ಚೂರಿ ಅವಳ ಕೈಯಲ್ಲಿತ್ತು. ಗೊತ್ತಿಲ್ಲ ಎಂದರೆ ಮುಗಿಯಿತು. ಎಲ್ಲೂ ದಾಖಲೆಯಿಲ್ಲ. ಅಕ್ಟೋಬರಿನ ಕಾಗದದಲ್ಲಿ ಸೆಟ್ಟು ಅಳವಡಿಸಲಾಯಿತು ಎಂದಷ್ಟೇ ಇದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ಅದರ ಮುಂದಿನ ವರ್ಷ ಮತ್ತೆ. ನೋಡಿ ಸುಮ್ಮನಿದ್ದವಳು ಎಂಬ ಹೆಸರು ಒಮ್ಮೆ ಅಂಟಿದರೆ ಯಾರು ಒಳಗೆ ಬಿಡುತ್ತಾರೆ? ಚೂರಿಯನ್ನು ಹಲಗೆಯ ಮೇಲೆ ಇಟ್ಟಳು.

"ಇತ್ತು," ಎಂದಳು. "ಕಡಲೆಕಾಳಷ್ಟಿತ್ತು. ನಾನು ನೋಡಿದೆ. ಡಾಕ್ಟರಿಗೆ ಹೇಳಿದೆ. ಅವರು ಏನೂ ಅಲ್ಲ ಅಂದ್ರು. ನಾನು ಸುಮ್ನಾದೆ. ನನಗೆ ಗೊತ್ತಿತ್ತು ಅದು ‘ಏನೂ ಅಲ್ಲ’ ಅನ್ನೋವಂಥದ್ದಲ್ಲ ಅಂತ."

"ಐದು ತಿಂಗಳು!" ಎರ್ಲೀನ್ ಕಟ್ಟೆಯ ಗಾಜನ್ನು ಅಂಗೈಯಿಂದ ಬಡಿದಳು. ಮಂಜುಗಡ್ಡೆಯ ಮೇಲಿನ ಸೀಗಡಿಗಳು ಜಾರಿದವು. "ಐದು ತಿಂಗಳು ಸೂಪು ಕುಡಿಸಿದೆ ನಾನು ಅವನಿಗೆ! ನೀವು ನೋಡಿದ್ರಿ!"

"ನೋಡಿದ್ದೆ. ಮಾರ್ಚಿನಲ್ಲಿ ಅವರು ಕೇಳಿದಾಗ ಗೊತ್ತಿಲ್ಲ ಅಂದೆ. ಅದೂ ಸುಳ್ಳು."

"ಇದನ್ನ ಬರೆದು ಕೊಡ್ತೀರಾ?"

"ಕೊಡ್ತೀನಿ. ಡಾಕ್ಟರ ಹೆಸರು ಬರೀತೀನಿ. ನನ್ನ ಹೆಸರೂ ಬರೀತೀನಿ. ನೊರ್ಮಿತಾ ಕತಾಲ್ಬಾಸ್. ಡಾಕ್ಟರ್ ನೊರ್ಮಿತಾ ಕತಾಲ್ಬಾಸ್ ಅಂತಲೇ ಬರೀತೀನಿ, ಯಾಕಂದ್ರೆ ನೋಡಿದ್ದು ಡಾಕ್ಟರು. ಸುಮ್ನಿದ್ದದ್ದೂ ಅವಳೇ."

ಎರ್ಲೀನ್‌ಳ ಬಾಯಿ ಬೈಯಲು ತೆರೆದುಕೊಂಡಿತು. ಟಾಲಿವರ್ ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಅವಳನ್ನು ಮೆಲ್ಲಗೆ ಬದಿಗೆ ಸರಿಸಿದ. ಮುಂದೆ ಬಂದ. ನೊರ್ಮಿತಾಳ ಮುಖ ನೋಡಿದ. ಆ ಕಣ್ಣಿನಲ್ಲಿ ಕ್ಷಮೆ ಇದೆಯೇ ಎಂದು ಅವಳು ಹುಡುಕಲಿಲ್ಲ. ಹುಡುಕಬಾರದೆಂದು ನಿರ್ಧರಿಸಿದ್ದಳು. ಅವನು ಟೋಪಿ ತೆಗೆದು ಹೆಂಡತಿಯ ಕೈಗೆ ಕೊಟ್ಟ. ದಪ್ಪವಾಗಿ, ಒಂದೊಂದು ಅಕ್ಷರವನ್ನೂ ಎಳೆದು ತಂದಂತೆ, "ನೋ...ಡಿ," ಎಂದ. ಬಾಯಿ ತೆರೆದ.

"ನಲವತ್ತೇಳು! ನಲವತ್ತೇಳು ಯಾರ್ರೀ?" ಹಿಂದಿನ ಮೇಜಿನಿಂದ ಮೇಲ್ವಿಚಾರಕ ಕೂಗಿದ. ಸಾಲಿನಲ್ಲಿದ್ದ ಹೆಂಗಸೊಬ್ಬಳು ತಮ್ಮ ಭಾಷೆಯಲ್ಲಿ, "ಏನಮ್ಮಾ ಇದು, ಮೀನಿನಂಗಡಿಯಾ ಆಸ್ಪತ್ರೆಯಾ?" ಎಂದಳು.

"ತಡೀರಿ," ಎಂದಳು ನೊರ್ಮಿತಾ, ಎಲ್ಲರಿಗೂ ಕೇಳುವ ಹಾಗೆ. ಮೀನಿನ ಕೈಗವಸು ಕಿತ್ತು ಹಾಕಿದಳು. ನಲ್ಲಿಯ ಕೆಳಗೆ ಮೊಣಕೈಯವರೆಗೂ ಸೋಪು ಹಚ್ಚಿ ತೊಳೆದಳು, ಅವಸರ ಮಾಡಲಿಲ್ಲ. ಹೊಸ ಜೊತೆ ಕೈಗವಸು ಹಾಕಿಕೊಂಡು ಕಟ್ಟೆಯನ್ನು ಸುತ್ತಿ ಹೊರಗೆ ಬಂದಳು. ಎರ್ಲೀನ್‌ಳಿಗೆ, "ನಿಮ್ಮ ಫೋನಿನ ದೀಪ ಹಾಕಿ, ಇಲ್ಲಿ ಹಿಡೀರಿ, ಅಲ್ಲಾಡಿಸಬೇಡಿ," ಎಂದಳು. ಎರ್ಲೀನ್ ಅವಳನ್ನೇ ದುರುಗುಟ್ಟಿ ನೋಡುತ್ತ ಹಿಡಿದಳು. ನೊರ್ಮಿತಾ ಎಡಗೈಯಿಂದ ಅವನ ದವಡೆಯನ್ನು ಆತುಕೊಂಡಳು. ಹೊಲಿಗೆಯ ಜಾಗ ಗುಲಾಬಿಯಾಗಿ, ಶುಭ್ರವಾಗಿ ಕೂಡಿಕೊಂಡಿತ್ತು. ಬೆರಳಿಟ್ಟು ಒತ್ತಿದಳು, ಮೆತ್ತಗಿತ್ತು. "ಇದು ಚೆನ್ನಾಗಿ ಒಣಗ್ತಿದೆ," ಎಂದಳು. ಕೆನ್ನೆಯ ಒಳಮೈ ನೋಡಿದಳು, "ಇಲ್ಲಿ ಏನೂ ಇಲ್ಲ." ಅಂಗುಳು ನೋಡಿದಳು, ಗಂಟಲಿನ ಬದಿ ನೋಡಿದಳು, ಕಂಡದ್ದನ್ನೆಲ್ಲ ಒಂದೊಂದಾಗಿ ಜೋರಾಗಿ ಹೇಳುತ್ತ ಹೋದಳು. ಸಾಲು ಗೊಣಗುವುದನ್ನು ಬಿಟ್ಟು ಕತ್ತು ಚಾಚಿ ನೋಡತೊಡಗಿತ್ತು. ಟಾಲಿವರ್ ಮುಗಿಯಿತೆಂದು ಬಾಯಿ ಮುಚ್ಚಲು ಹೋದ.

"ಇನ್ನೂ ಮುಗಿದಿ‌ಲ್ಲ," ಎಂದಳು ಡೊಕ್ತೊರಾ. "ಎಡಗಡೆ ಬಾಕಿ ಇದೆ. ಅಗಲವಾಗಿ ತೆಗೀರಿ."